ಕಿವಿಗೊಡದ ಕಾರು ಮತ್ತು ವೈರಿಂಗ್ ದೊಡ್ಡಪ್ಪ

ನನ್ನ ಮೊದಲ ದಿನಚರಿ ಪುಸ್ತಕವನ್ನು ಯಾರೂ ಅಂಗಡಿಯಲ್ಲಿ ಕೊಂಡದ್ದಲ್ಲ. ಕಾರಿನ ಬ್ಯಾಟರಿ ಮಾರುವವರು ಹೊಸ ವರ್ಷಕ್ಕೆ ಪುಕ್ಕಟೆ ಹಂಚಿದ್ದು. ದೊಡ್ಡಪ್ಪ ಅದನ್ನು ನನ್ನ ಕೈಗಿಟ್ಟು, "ಇದರಲ್ಲಿ ಕಾರುಗಳ ಕಾಯಿಲೆ ಬರೀಬೇಕು ನೀನು. ನಿನ್ನ ಅಕ್ಷರ ಗುಂಡಗಿದೆ. ನಾನು ಬರೆದದ್ದು ಸಂಜೆ ಹೊತ್ತಿಗೆ ನನಗೇ ಓದಕ್ಕೆ ಬರಲ್ಲ" ಎಂದಿದ್ದರು. ಆಗ ನನಗೆ ಒಂಬತ್ತು ವರ್ಷ. ಅಂದಿನಿಂದ ನನಗೆ 'ಗುಮಾಸ್ತೆ' ಎಂಬ ಹೆಸರು ಬಿತ್ತು. ಮದುವೆಯಾಗಿ ಮಗುವಾದ ಮೇಲೂ ಅವರ ಬಾಯಲ್ಲಿ ನಾನು ಗುಮಾಸ್ತೆಯೇ.

ದೊಡ್ಡಪ್ಪ ಎಂದರೆ ನಮ್ಮಪ್ಪನ ಅಣ್ಣ. ಕಾರುಗಳ ವೈರಿಂಗ್ ಕೆಲಸ ಅವರದು. ದೀಪ, ಹಾರನ್ನು, ಕಳ್ಳರನ್ನು ಹೆದರಿಸುವ ಸೈರನ್ನು, ತಂತಿ ಎಲ್ಲಿ ಹರಿಯುತ್ತದೋ ಅಲ್ಲೆಲ್ಲ. ಹಾಗಾಗಿ ನೆಂಟರಲ್ಲದವರೂ ಅವರನ್ನು ವೈರಿಂಗ್ ದೊಡ್ಡಪ್ಪ ಎಂದೇ ಕರೆಯುತ್ತಿದ್ದರು. ಟೈರ್ ಅಂಗಡಿಗಳ ಹಿಂದಿನ ಓಣಿಯಲ್ಲಿ ಎರಡು ಕಾರು ಹಿಡಿಸುವಷ್ಟು ಅಗಲದ ತಗಡಿನ ಷೆಡ್ಡು. ಗೋಡೆಯ ಮೇಲೆ ಬಣ್ಣ ಹೋದ ನಂಬರ್ ಪ್ಲೇಟುಗಳು. ಗುಜರಿಗೆ ಹೋದ ವ್ಯಾನೊಂದರ ಹಿಂದಿನ ಸೀಟನ್ನು ಕಿತ್ತು ತಂದು ಬಾಗಿಲ ಬಳಿ ಹಾಕಿದ್ದರು. ಗಿರಾಕಿಗಳು ಅದರ ಮೇಲೆ ಕೂತು ಬೀದಿ ನೋಡುತ್ತ ಸವಾರಿ ಹೊರಟವರ ಹಾಗೆ ಕಾಣುತ್ತಿದ್ದರು. ಫ್ಯೂಸುಗಳೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ, ಬಿಸ್ಕತ್ತು ಮಾತ್ರ ಫ್ಯೂಸಿನ ಡಬ್ಬಿಯಲ್ಲಿ. ಬ್ಯಾಟರಿಯ ಆಸಿಡ್ಡು ಹಾರಿ ಅವರ ಅಂಗಿಗಳಿಗೆಲ್ಲ ಸಣ್ಣ ಸಣ್ಣ ತೂತು. "ನಿಮ್ಮ ದೊಡ್ಡಪ್ಪನ ಅಂಗೀಲಿ ಹಿಟ್ಟು ಜರಡಿ ಹಿಡೀಬಹುದು" ಎನ್ನುತ್ತಿದ್ದರು ದೊಡ್ಡಮ್ಮ.

ಷೆಡ್ಡಿನಲ್ಲಿ ಒಂದು ಕಟ್ಟಳೆ ಇತ್ತು. ಕಾರಿನ ಒಡೆಯ ಆ ವ್ಯಾನಿನ ಸೀಟಿನ ಮೇಲೆ ಕೂತು ಕಥೆ ಹೇಳಿ ಮುಗಿಸುವ ತನಕ ದೊಡ್ಡಪ್ಪ ಬಾನೆಟ್ಟಿಗೆ ಕೈ ಹಚ್ಚುತ್ತಿರಲಿಲ್ಲ. ಆತ ಹೇಳಿದ್ದನ್ನು ನಾನು ಬರೆಯಬೇಕು. ಪ್ರತಿ ಕಾರಿಗೂ ಮೂರು ಸಾಲಿನ ಚೀಟಿ. ಯಾವಾಗ ಕೆಟ್ಟಿತು. ಯಾವಾಗ ಕೆಡಲಿಲ್ಲ. ಕಾರಣ. ಮೂರನೆಯ ಸಾಲು ಕಾಯಿಲೆ ಸಿಗುವವರೆಗೆ ಖಾಲಿ.

"ಕೆಟ್ಟಾಗ ಏನಾಯ್ತು ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿರ್ತಾರೆ, ಅದು ಬಾಯಿಪಾಠ ಆಗಿರುತ್ತೆ. ಚೆನ್ನಾಗಿದ್ದಾಗ ಏನಿತ್ತು ಅಂತ ಕೇಳು. ಆಗ ತಲೆ ಕೆರ್ಕೋತಾರೆ. ಆ ಕೆರ್ಕೊಳ್ಳೋ ಜಾಗದಲ್ಲೇ ಇರುತ್ತೆ ನೋಡು ಕಾಯಿಲೆ."

ಒಬ್ಬ ಕಾಂಪೌಂಡರನ ಕಾರು ನನಗೆ ಇನ್ನೂ ನೆನಪಿದೆ. ಅದಕ್ಕೆ ಆಗಷ್ಟೇ ಸೈರನ್ನು ಹಾಕಿಸಿದ್ದ. ದಿನಾ ಮಧ್ಯಾಹ್ನ, ಯಾರೂ ಮುಟ್ಟದೆ, ಆಸ್ಪತ್ರೆಯ ಮುಂದೆ ಅದು ಬಾಯಿ ಬಡಿದುಕೊಳ್ಳುತ್ತಿತ್ತು. ರೋಗಿಗಳು ಎದ್ದು ಕೂರುತ್ತಿದ್ದರಂತೆ. ಯಾವಾಗ ಕೆಡಲಿಲ್ಲ ಎಂದು ಕೇಳಿದ್ದಕ್ಕೆ ಆತ ಬಹಳ ಹೊತ್ತು ತಲೆ ಕೆರೆದು, "ಕಿಟಕಿ ಪೂರ್ತಿ ಏರಿಸಿದ ದಿನ ಕೂಗಲ್ಲ ಅನ್ಸುತ್ತೆ" ಎಂದ. ದೊಡ್ಡಪ್ಪ ಎದ್ದು ಹೋಗಿ ಕಾರಿನ ಕನ್ನಡಿಗೆ ಕಟ್ಟಿದ್ದ ಹತ್ತಿಯ ಗಿಳಿಯೊಂದನ್ನು ಬಿಚ್ಚಿ ತಂದರು. ಕಾರಿನೊಳಗೆ ಏನಾದರೂ ಅಲುಗಾಡಿದರೆ ಕೂಗುವ ಸೈರನ್ನು ಅದು. ಅರೆ ತೆರೆದ ಕಿಟಕಿಯಿಂದ ಗಾಳಿ ಬಂದರೆ ಗಿಳಿ ತೂಗುತ್ತದೆ, ಗಿಳಿ ತೂಗಿದರೆ ಕಾರು ಕಳ್ಳ ಕಳ್ಳ ಎನ್ನುತ್ತದೆ. ಮೂರನೆಯ ಸಾಲಿನಲ್ಲಿ 'ಗಿಳಿ' ಎಂದು ಬರೆದೆ. ಕಾಂಪೌಂಡರ್ ನಾಚಿಕೊಂಡು ಗಿಳಿಯನ್ನು ಬಿಟ್ಟೇ ಹೋದ. ಬಣ್ಣ ಮಾಸಿದ ಆ ಗಿಳಿ ಈಗ ನನ್ನ ಮಗಳ ತೊಟ್ಟಿಲ ಮೇಲೆ ತೂಗುತ್ತಿದೆ.

ನನ್ನ ಇನ್ನೊಂದು ಕೆಲಸವೆಂದರೆ ಡ್ರೈವರ್ ಸೀಟಿನ ತುದಿಗೆ ಜಾರಿ ಕೂತು, ಕಾಲು ಚಾಚಿ, ಬ್ರೇಕು ಒತ್ತುವುದು. ಹಿಂದಿನಿಂದ ದೊಡ್ಡಪ್ಪನ ದನಿ ಬರುತ್ತಿತ್ತು: "ಒತ್ತಿದ್ಯಾ?" "ಒತ್ತಿದೆ." "ಹತ್ತಿತು." ಬ್ರೇಕಿನ ದೀಪ ಹತ್ತಿತು ಎಂದು ಅರ್ಥ. ಬಾನೆಟ್ಟಿನ ಕಡೆ ಬಂದರೆ ಮಾತ್ರ ಅವರು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ರಿಲೇ ಎಂಬ ಬೆಂಕಿಪೊಟ್ಟಣದಷ್ಟು ಸಣ್ಣ ಡಬ್ಬಿಗಳಿರುತ್ತವೆ. ಕರೆಂಟು ಹರಿದಾಗ ಒಳಗೆ ಟಿಕ್ ಎನ್ನುತ್ತವೆ. ಸಾಲಾಗಿ ಕೂತ ಹತ್ತು ಡಬ್ಬಿಗಳಲ್ಲಿ ಯಾವುದು ಟಿಕ್ ಎಂದಿತು, ಯಾವುದು ಎನ್ನಲಿಲ್ಲ ಎಂದು ಅವರು ನಿಂತ ಜಾಗದಿಂದಲೇ ಹೇಳುತ್ತಿದ್ದರು. ನಾನು ಬಾಗಿ ಕಿವಿ ಕೊಟ್ಟರೂ ನನಗೆ ಒಂದೂ ಕೇಳುತ್ತಿರಲಿಲ್ಲ.

ಆ ಕಿವಿ ಈಗ ಮಂದವಾಗಿದೆ. ಒಪ್ಪಿಕೊಳ್ಳುವ ಜಾಯಮಾನ ಅವರದಲ್ಲ. "ನನ್ನ ಕಿವಿಗೇನಾಗಿದೆ, ಲೋಕವೇ ಗೊಣಗಕ್ಕೆ ಶುರು ಮಾಡಿದೆ" ಎನ್ನುತ್ತಾರೆ. ತಮ್ಮ ಮಾತು ತಮಗೆ ಕೇಳಲಿ ಎಂದೋ ಏನೋ, ದನಿ ವರ್ಷದಿಂದ ವರ್ಷಕ್ಕೆ ಏರುತ್ತ ಬಂದಿದೆ. ಅವರು ಓಣಿಯ ತಿರುವಿನಲ್ಲಿ ಯಾರನ್ನಾದರೂ ಮಾತನಾಡಿಸಿದರೆ ನಮಗೆ ಅಡುಗೆಮನೆಯಲ್ಲಿ ತಿಳಿಯುತ್ತದೆ. ಎರಡು ವರ್ಷದ ಹಿಂದೆ ಷೆಡ್ಡಿಗೆ ಹೋದಾಗ ಒಂದು ಸಂಗತಿ ನೋಡಿದೆ. ಕಣ್ಣು ಮುಚ್ಚಿ ನಿಲ್ಲುವ ಬದಲು ಅವರು ರಿಲೇಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ನೋಡುತ್ತಿದ್ದರು. ಮನೆಗೆ ಬಂದು ದಿನಚರಿಯಲ್ಲಿ ಬರೆದೆ. ಯಾರಿಗೂ ಹೇಳಲಿಲ್ಲ.

ನಮ್ಮ ಕಾರಿನ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ಕೊಂಡ ಹಳೆಯ ಕಾರು ಅದು, ದೊಡ್ಡಪ್ಪನೇ ನೋಡಿ ಒಪ್ಪಿದ್ದು. ಕೀಲಿ ತಿರುಗಿಸುವ ಗೊಡವೆ ಇಲ್ಲ. ಕೀಲಿ ಎಂಬ ಕರಿಯ ಗುಂಡು ಜೇಬಿನಲ್ಲಿದ್ದರೆ ಸಾಕು. ಬ್ರೇಕು ತುಳಿದು ಬಟನ್ ಒತ್ತಿದರೆ ಹೊರಡುತ್ತದೆ. ಜೇಬಿನಲ್ಲಿ ಕೀಲಿ ಇಲ್ಲದವನು ಒತ್ತಿದರೆ ಕಳ್ಳ ಎಂದು ತಿಳಿದು ಸುಮ್ಮನಿರುತ್ತದೆ. ಮಗಳು ಪುಟ್ಟಿ ಹುಟ್ಟಿದ ನಾಲ್ಕನೆಯ ತಿಂಗಳಿಂದ ಅದು ನಮ್ಮವರನ್ನೇ ಕಳ್ಳನೆಂದು ತಿಳಿಯತೊಡಗಿತು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವರು ತಿರುಗಿ ಹೊರಟರೆ, ಬಟನ್ ಒತ್ತಿದಾಗ ಕೀಲಿಯ ಚಿತ್ರವೊಂದು ಕೆಂಪಗೆ ಮಿಣುಕುತ್ತದೆ, ಅಷ್ಟೆ. ಹತ್ತು ಸಲ ಒತ್ತಬೇಕು, ಇಪ್ಪತ್ತು ಸಲ ಒತ್ತಬೇಕು, ಕಾಯಬೇಕು. ಕೆಲವೊಮ್ಮೆ ಬಾಗಿಲೂ ತೆರೆಯದು.

ದೊಡ್ಡಪ್ಪ ಫೋನಿನಲ್ಲೇ ಮೊದಲ ಔಷಧಿ ಹೇಳಿದರು. "ಕೀಲಿಯೊಳಗಿನ ಸಣ್ಣ ಬ್ಯಾಟರಿ ಬದಲಾಯ್ಸಿ." ಬದಲಾಯಿಸಿದೆವು. ಏನೂ ಆಗಲಿಲ್ಲ. "ಹಾಗಾದ್ರೆ ಕೀಲೀನ ಆ ಬಟನ್ನಿಗೇ ತಾಗಿಸಿ ಹಿಡಿದು ಒತ್ತಿ ನೋಡಿ." ತಾಗಿಸಿ ಒತ್ತಿದರೆ ಕಾರು ಕೂಡಲೇ ಹೊರಟಿತು. ಅತ್ತ ಕಡೆಯಿಂದ ದೊಡ್ಡಪ್ಪ "ಹೂಂ" ಎಂದರು. "ಗುರುತು ಸರಿ ಇದೆ. ಕೀಲಿ ಮಾತಾಡೋದು ಕಾರಿಗೆ ಕೇಳಿಸ್ತಾ ಇಲ್ಲ. ಕಿವಿಗೇ ಬಾಯಿಟ್ಟು ಹೇಳಿದ್ರೆ ಕೇಳಿಸುತ್ತೆ. ಯಾಕೆ ಕೇಳಿಸ್ತಿಲ್ಲ ಅನ್ನೋದೇ ಪ್ರಶ್ನೆ. ನಾನು ಹುಡುಕ್ತೀನಿ ಬಿಡು, ಯಾರಿಗೂ ಕೊಡಬೇಡಿ."

ಮೂರು ಸಲ ಬಂದರು. ಮೂರು ಸಲವೂ ಕಾರು ಮೊದಲ ಒತ್ತಿಗೇ ಹೊರಟಿತು. ಸೀಟಿನ ಕೆಳಗಿನ ತಂತಿ ನೋಡಿದರು, ಬ್ರೇಕಿನ ಸ್ವಿಚ್ಚು ಬಿಚ್ಚಿ ಕಟ್ಟಿದರು, ರಿಲೇಗಳ ಮೇಲೆಲ್ಲ ಬೆರಳಾಡಿಸಿದರು. ನಮ್ಮವರು ಬಾಗಿಲಲ್ಲಿ ನಿಂತು, "ನಿಮ್ಮನ್ನ ಕಂಡ್ರೆ ಬಾಲ ಅಲ್ಲಾಡಿಸುತ್ತೆ ದೊಡ್ಡಪ್ಪ, ನನ್ನ ಕಂಡ್ರೆ ಮಾತ್ರ ಗುರ್ ಅನ್ನುತ್ತೆ" ಎಂದರು. ಅವರು ನಗಿಸಲು ಹೇಳಿದ್ದು. ದೊಡ್ಡಪ್ಪ ನಗಲಿಲ್ಲ. ಮೂರನೆಯ ಸಲ ಹೊರಡುವಾಗ ಟೀ ಕೂಡ ಅರ್ಧ ಬಿಟ್ಟಿದ್ದರು.

ನಾವು ಕಾರನ್ನು ಸರ್ವಿಸ್ ಸೆಂಟರಿಗೆ ಬಿಟ್ಟೆವು. ಎರಡು ದಿನ ಇಟ್ಟುಕೊಂಡರು. ಅಲ್ಲೂ ಪ್ರತಿ ಸಲ ಸರಿಯಾಗಿ ಹೊರಟಿತು, ಕಂಪ್ಯೂಟರೂ ದೋಷವಿಲ್ಲ ಎಂದಿತು. ಆದರೂ ಅಲ್ಲಿಯ ಎಂಜಿನಿಯರು, ಕೀಲಿಯ ಮಾತು ಕೇಳುವ ಯಂತ್ರವನ್ನೇ ಬದಲಾಯಿಸಿ, ಎರಡು ಕೀಲಿಗಳನ್ನೂ ಹೊಸದು ಹಾಕಿಬಿಡೋಣ ಎಂದರು. ನಮ್ಮವರಿಗೂ ಸಾಕಾಗಿತ್ತು. ಸೋಮವಾರಕ್ಕೆ ಒಪ್ಪಿ ಬಂದರು.

ಶುಕ್ರವಾರ ಬೆಳಿಗ್ಗೆ ದೊಡ್ಡಮ್ಮನ ಫೋನು ಬಂತು. ದನಿ ತಗ್ಗಿಸಿ ಮಾತನಾಡುತ್ತಿದ್ದರು. ಆ ಮನೆಯಲ್ಲಿ ಅದರ ಅಗತ್ಯವೇ ಇಲ್ಲದಿದ್ದರೂ.

"ನಿಮ್ಮ ದೊಡ್ಡಪ್ಪ ಷೆಡ್ಡು ಬಿಡ್ತಾರಂತೆ ಕಣೇ. ಪಕ್ಕದ ಸೀಟು ಹೊಲಿಯೋನು ಒಂದು ವರ್ಷದಿಂದ ಕೇಳ್ತಿದ್ನಲ್ಲ, ಭಾನುವಾರ ಬಾ, ಬೀಗದ ಕೈ ಕೊಡ್ತೀನಿ ಅಂದಿದ್ದಾರೆ."

"ಯಾಕಂತೆ?"

"ಮನೆ ಮಗಳ ಕಾರಿನ ಕಾಯಿಲೆ ಹುಡುಕಕ್ಕೆ ಆಗದೋನು ಊರಿನ ಕಾರು ಮುಟ್ಟಬಾರ್ದಂತೆ. ಎರಡು ದಿನದಿಂದ ಅನ್ನ ಕಲಸ್ತಾ ಕೂರ್ತಾರೆ. ಕೇಳಿದ್ರೆ, ಕಾರು ನನಗೆ ಮಾತ್ರ ತೋರಿಸ್ತಾ ಇಲ್ಲ ಅಂತಾರೆ."

ಫೋನಿಟ್ಟ ಮೇಲೆ ಬಹಳ ಹೊತ್ತು ಒಗೆದ ಬಟ್ಟೆ ಮಡಿಸುತ್ತ ಕೂತೆ. ಆ ಷೆಡ್ಡಿಲ್ಲದ ದೊಡ್ಡಪ್ಪನನ್ನು ಎಲ್ಲಿ ಕೂರಿಸಬೇಕೋ ನನಗೆ ತೋಚಲಿಲ್ಲ. ಮನೆಯಲ್ಲಿ ಅವರಿಗೆಂದು ಒಂದು ಕುರ್ಚಿಯೂ ಇಲ್ಲ. ಇಷ್ಟು ವರ್ಷ ಬೇಕಾಗಿರಲಿಲ್ಲ.

ಶನಿವಾರ ಬೆಳಿಗ್ಗೆ ಪುಟ್ಟಿಗೆ ಹಾಲು ಕುಡಿಸುತ್ತ, ಒಂದು ಕೈಯಲ್ಲಿ ದಿನಚರಿ ತಿರುವಿದೆ. ಮಗುವಾದ ಮೇಲೆ ನನ್ನ ದಿನಚರಿಯಲ್ಲಿ ಇರುವುದೆಲ್ಲ ಎಷ್ಟು ಗಂಟೆಗೆ ಕುಡಿದಳು, ಎಷ್ಟು ಗಂಟೆಗೆ ಮಲಗಿದಳು, ಎಷ್ಟು ಗಂಟೆಗೆ ಎದ್ದು ರಂಪ ಮಾಡಿದಳು ಎಂಬುದೇ. ಹಳೆಯ ಗುಮಾಸ್ತಿಕೆಯ ಚಟ. ಅದರ ನಡುವೆ 'ಕಾರು ಹೊರಡಲಿಲ್ಲ, ಇವರು ಬೈದುಕೊಂಡು ಹೋದರು' ಎಂದೂ ಬರೆದಿದ್ದೆ. ಚೀಟಿಯ ಎರಡನೆಯ ಸಾಲು ನೆನಪಾಯಿತು. ಯಾವಾಗ ಕೆಡಲಿಲ್ಲ? ಕಾರು ಸರಿಯಾಗಿ ಹೊರಟ ದಿನಗಳನ್ನು ಹುಡುಕಿದೆ. ಪುಟ್ಟಿಗೆ ಜ್ವರ ಬಂದು ಇಡೀ ದಿನ ಹೆಗಲ ಮೇಲಿದ್ದ ಮೂರು ದಿನ. ನನ್ನ ತಂಗಿ ಬಂದು ಮಗುವನ್ನು ಆಡಿಸುತ್ತ ಮಲಗಗೊಡದ ದಿನ. ದೊಡ್ಡಪ್ಪ ಬಂದ ಮೂರು ದಿನ. ಮಗು ಎದ್ದಿದ್ದಾಗ ಒಂದು ಸಲವೂ ಕಾರು ಮುನಿಸಿಕೊಂಡಿರಲಿಲ್ಲ.

ನನಗೆ ನಗು ಬಂತು. ಮಗು ಮಲಗಿದರೆ ಕಾರಿಗೇನು? ಆದರೂ ಫೋನು ಮಾಡಿದೆ. ಮಗುವಿನ ಕಿವಿಯಿಂದ ಫೋನನ್ನು ದೂರ ಹಿಡಿದು, ಓದಿ ಹೇಳಿದೆ. ದೊಡ್ಡಪ್ಪ ನಗಲಿಲ್ಲ.

"ಇನ್ನೊಂದ್ಸಲ ಹೇಳು. ಮೆಲ್ಲಗೆ ಓದು, ಗೊಣಗಬೇಡ."

ಮತ್ತೆ ಓದಿದೆ.

"ಸರಿ. ಅವಳು ಮಲಗಿದಾಗ ನೀನೇನು ಮಾಡ್ತೀಯ? ಅವಳದು ಬಿಡು, ನಿನ್ನದು ಹೇಳು. ಒಂದೂ ಬಿಡದ ಹಾಗೆ."

"ಪರದೆ ಎಳೀತೀನಿ. ಫ್ಯಾನ್ ಹಾಕ್ತೀನಿ. ಗಿಳಿ ನಿಲ್ಲಿಸ್ತೀನಿ. ದನಿ ಪೆಟ್ಟಿಗೆ ಹಾಕ್ತೀನಿ. ಕೆಳಗೆ ಬಂದು ಪಾತ್ರೆ ತೊಳೀತೀನಿ."

"ದನಿ ಪೆಟ್ಟಿಗೆ ಅಂದ್ರೆ?"

ಅದು ಪುಟ್ಟಿಯ ನಾಲ್ಕನೆಯ ತಿಂಗಳಲ್ಲಿ ನಾದಿನಿಯ ಮನೆಯಿಂದ ಬಂದ ಹಳೆಯ ಸಾಮಾನು. ಜೋಡಿ ಪೆಟ್ಟಿಗೆಗಳು. ಒಂದನ್ನು ತೊಟ್ಟಿಲ ಬಳಿ ಇಟ್ಟರೆ, ಮಗು ಅತ್ತಾಗ ನನ್ನ ಸೊಂಟದಲ್ಲಿರುವ ಇನ್ನೊಂದರಲ್ಲಿ ಕೇಳಿಸುತ್ತದೆ. ತಂತಿಯಿಲ್ಲ. ತೊಟ್ಟಿಲ ಕೋಣೆ ಮಹಡಿಯ ಮೇಲೆ, ಪೆಟ್ಟಿಗೆ ಕಿಟಕಿಯ ಕಟ್ಟೆಯ ಮೇಲೆ, ಕಿಟಕಿಯ ನೇರ ಕೆಳಗೆ ಕಾರು.



"ತಂತಿ ಇಲ್ಲದೆ ಮಾತಾಡುತ್ತೆ ಅದು" ಎಂದರು ದೊಡ್ಡಪ್ಪ. "ಕೀಲೀನೂ ಹಾಗೇ ಮಾತಾಡೋದು. ಹಾಗಾದ್ರೆ ನಾನು ಬಂದಾಗ ಯಾಕೆ ಸರಿ ಇರ್ತಿತ್ತು?"

"ನೀವು ಬಂದ್ರೆ ಅವಳು ಮಲಗಿರೋದೆಲ್ಲಿ ದೊಡ್ಡಪ್ಪ? ಗೇಟಿನಲ್ಲೇ ಎಬ್ಬಿಸಿಬಿಡ್ತೀರಿ. ಅವಳೆದ್ರೆ ನಾನು ಪೆಟ್ಟಿಗೆ ಆರಿಸ್ತೀನಿ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಮಾತ್ರ, "ಇವತ್ತು ಎಷ್ಟು ಗಂಟೆಗೆ ಮಲಗ್ತಾಳೆ?" ಎಂದಷ್ಟೇ ಕೇಳಿದರು.

ಮಧ್ಯಾಹ್ನ ಎರಡು ಗಂಟೆಗೆ ಅವರು ಬಂದ ರೀತಿಯನ್ನು ನಾನು ಮರೆಯಲಾರೆ. ಗೇಟಿನ ಹೊರಗೇ ಚಪ್ಪಲಿ ಬಿಟ್ಟು, ಕೀಲು ಕಿರುಗುಟ್ಟದಂತೆ ಗೇಟನ್ನು ಎತ್ತಿ ಹಿಡಿದು ತೆರೆದು, ತುದಿಗಾಲಲ್ಲಿ ಒಳಗೆ ಬಂದರು. ಆರಡಿ ಎತ್ತರದ ಮನುಷ್ಯ, ಹಾಲು ಕುಡಿಯಲು ಬಂದ ಬೆಕ್ಕಿನ ಹಾಗೆ. ಹಿಂದೆ ದೊಡ್ಡಮ್ಮ ಸೆರಗು ಬಾಯಿಗಿಟ್ಟು ನಗು ತಡೆಯುತ್ತಿದ್ದರು. ಯಾರೂ ಮಾತಾಡಬಾರದೆಂದು ದೊಡ್ಡಪ್ಪನೇ ಸನ್ನೆ ಮಾಡಿದರು. ದೊಡ್ಡಮ್ಮನನ್ನು ಮಹಡಿಗೆ ಕಳಿಸಿದರು, ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದರು. ತಾವು ಕಾರಿನ ಕಿಟಕಿಯ ಹೊರಗೆ ಬಾಗಿ ನಿಂತು, ಹುಬ್ಬೆತ್ತಿ ನೋಡಿದರು. ಒತ್ತಿದ್ಯಾ?

ಬ್ರೇಕು ತುಳಿದು ಬಟನ್ ಒತ್ತಿದೆ. ಕೆಂಪು ಕೀಲಿ ಮಿಣುಕಿತು.

ನಾವು ತಿಂಗಳುಗಟ್ಟಲೆ ಬೈದ ಆ ದೀಪವನ್ನು ದೊಡ್ಡಪ್ಪ ಅಂದೇ ಮೊದಲು ಕಂಡದ್ದು. ತಪ್ಪಿಸಿಕೊಂಡು ತಿರುಗುತ್ತಿದ್ದ ನೆಂಟ ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದರೆ ನೋಡುವ ಹಾಗೆ ಅದನ್ನು ನೋಡಿದರು. ಆಮೇಲೆ ಮಹಡಿಯ ಕಡೆ ಕೈಯೆತ್ತಿದರು. ದೊಡ್ಡಮ್ಮ ಪೆಟ್ಟಿಗೆ ಆರಿಸಿದರು. ಒತ್ತಿದೆ. ಕಾರು ಹೊರಟಿತು. ನಿಲ್ಲಿಸಿದೆ. ಮತ್ತೆ ಹಾಕಲು ಸನ್ನೆ. ಕೆಂಪು ಕೀಲಿ. ಮತ್ತೆ ಆರಿಸಲು ಸನ್ನೆ. ಹೊರಟಿತು. ಇಷ್ಟು ಸಾಲದೇ ಎಂದು ನಾನು ನೋಡಿದರೆ ಅವರು ಮೂರು ಬೆರಳು ತೋರಿಸಿದರು. ಷೆಡ್ಡಿನ ಹಳೆಯ ಲೆಕ್ಕ ಅದು. ಒಂದು ಸಲವಾದರೆ ಅದೃಷ್ಟ, ಎರಡು ಸಲವಾದರೆ ಅನುಮಾನ, ಮೂರು ಸಲವಾದರೆ ಮಾತ್ರ ಕಾಯಿಲೆ.

ಮೂರನೆಯ ಸಲ ಎಂಜಿನ್ನು ಗುರುಗುಟ್ಟಿದ ಕೂಡಲೇ ದೊಡ್ಡಪ್ಪ ಕಾರಿನ ತಲೆಗೆ ಗುದ್ದಿ, "ಹತ್ತಿತು!" ಎಂದು ಕೂಗಿದರು. ಮೇಲೆ ಪುಟ್ಟಿ ಎದ್ದು ಕಿರುಚಿದಳು.

"ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ" ಎನ್ನುತ್ತ ದೊಡ್ಡಮ್ಮ ಅಳುವ ಮಗುವನ್ನು ಎತ್ತಿಕೊಂಡೇ ಇಳಿದು ಬಂದರು.

ನಾವೆಲ್ಲ ಮೆಟ್ಟಿಲ ಮೇಲೆ ಕೂತೆವು. ದೊಡ್ಡಪ್ಪ ಆ ಪೆಟ್ಟಿಗೆಯನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದರು. "ಕೀಲಿಯದು ಪಿಸುಮಾತು. ಇದು ಹಳೇ ಕಾಲದ ಪೆಟ್ಟಿಗೆ, ಮಗು ಅತ್ರೂ ಬಿಟ್ರೂ ಇದು ಒಂದೇ ಸಮ ಕೂಗ್ತಾನೇ ಇರುತ್ತೆ. ನಮ್ಮ ಕಿವಿಗೆ ಕೇಳಲ್ಲ, ಕಾರಿಗೆ ಕೇಳುತ್ತೆ. ಇಬ್ಬರದೂ ಒಂದೇ ದಾರಿ. ಪಕ್ಕದಲ್ಲಿ ಒಬ್ಬ ಅರಚ್ತಾ ಇದ್ರೆ ಪಿಸುಮಾತು ಕೇಳುತ್ತಾ? ಕಾರಿಂದೇನೂ ತಪ್ಪಿಲ್ಲ."

"ಹಾಗಾದ್ರೆ ನಿಮ್ಮ ಕಿವಿಗೂ ಯಾರೋ ಪೆಟ್ಟಿಗೆ ಇಟ್ಟಿರ್ಬೇಕು" ಎಂದರು ದೊಡ್ಡಮ್ಮ. "ಎರಡು ವರ್ಷದಿಂದ ಬಾಯಿ ತಾಗಿಸಿ ಹೇಳ್ತಿದ್ದೀನಿ ನಾನು."

ಎಂದಿನಂತೆ ಲೋಕ ಗೊಣಗುತ್ತದೆ ಎನ್ನುವರೆಂದು ಕಾದೆ. ಅವರು ಪುಟ್ಟಿಯನ್ನು ನೋಡುತ್ತಿದ್ದರು.

"ಮೂರು ಸಲವೂ ನಾನೇ ಎಬ್ಬಿಸಿದ್ದಾ ಇವಳನ್ನ?"

ನಾನು ತಲೆಯಾಡಿಸಿದೆ.

"ಅಂದ್ರೆ ಕಾಯಿಲೇನ ನಾನೇ ಓಡಿಸಿ, ನಾನೇ ಹುಡುಕ್ತಿದ್ದೆ." ಆಮೇಲೆ ಅವರಿಗೆ ಸಾಧ್ಯವಾದಷ್ಟು ಮೆಲ್ಲಗೆ ಹೇಳಿದರು. "ರಿಲೇ ಟಿಕ್ ಅನ್ನೋದು ಕೇಳ್ಸಿ ಎರಡು ವರ್ಷ ಆಯ್ತು ಕಣೇ ಗುಮಾಸ್ತೆ. ಬೆರಳಿಟ್ಟು ನೋಡ್ತೀನಿ. ಇದೂ ಅದರಿಂದಲೇ ತಪ್ಪಿಹೋಯ್ತು ಅಂದ್ಕೊಂಡಿದ್ದೆ. ಕೇಳಬೇಕಾದ್ದು ಏನೋ ಇದೆ, ನನಗೆ ಕೇಳ್ತಿಲ್ಲ ಅಂತ."

"ಗೊತ್ತು" ಎಂದೆ. "ಬರೆದಿಟ್ಟಿದ್ದೀನಿ."

"ಅದನ್ನೂ ಬರೆದ್ಯಾ" ಎಂದು ನಕ್ಕರು. ಎಷ್ಟೋ ದಿನದ ಮೇಲೆ.

ಆಮೇಲೆ ದೊಡ್ಡಮ್ಮನ ಪಂಚಾಯಿತಿ ನಡೆಯಿತು. ಕಿವಿಗೆ ಯಂತ್ರ ಹಾಕಿಸಿಕೊಂಡರೆ ಷೆಡ್ಡು, ಇಲ್ಲದಿದ್ದರೆ ಮನೆ. ದೊಡ್ಡಪ್ಪ ಗೊಣಗಿದರು, ಇಡೀ ಬೀದಿಗೆ ಕೇಳುವ ಹಾಗೆ ಗೊಣಗಿದರು, ಒಪ್ಪಿದರು. ಭಾನುವಾರ ಬಂದ ಸೀಟು ಹೊಲಿಯುವವನನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗದೆ, ಒಂದು ಕಾರಿನ ಜಾಗ ಬಿಟ್ಟುಕೊಟ್ಟರು. ಎರಡು ಕಾರನ್ನು ಒಟ್ಟಿಗೆ ನೋಡುವ ವಯಸ್ಸು ಹೇಗೂ ದಾಟಿತ್ತು. ನಮ್ಮವರು ಸರ್ವಿಸ್ ಸೆಂಟರಿಗೆ ಫೋನು ಮಾಡಿ ಸೋಮವಾರ ಬರುವುದಿಲ್ಲ ಎಂದರು. ದನಿ ಪೆಟ್ಟಿಗೆ ಮೂಲೆ ಸೇರಿತು. ಈಗ ಪುಟ್ಟಿ ಮಲಗಿದರೆ ನಾನೇ ಮಹಡಿಯ ಮೆಟ್ಟಿಲಲ್ಲಿ ಕೂತು ತರಕಾರಿ ಹೆಚ್ಚುತ್ತೇನೆ.

ಅಂದು ಮೆಟ್ಟಿಲ ಮೇಲೆಯೇ ದೊಡ್ಡಪ್ಪ ಚೀಟಿ ಬರೆಸಿದ್ದರು. ಯಾವಾಗ ಕೆಟ್ಟಿತು: ಮಗು ಮಲಗಿದ್ದಾಗ. ಯಾವಾಗ ಕೆಡಲಿಲ್ಲ: ಮಗು ಎದ್ದಿದ್ದಾಗ. ಮೂರನೆಯ ಸಾಲಿಗೆ ಬಂದಾಗ ಅವರು ಗಡ್ಡ ಕೆರೆದುಕೊಂಡರು.

"ಕಾರಣ, ಜೋರು ದನಿ ಅಂತ ಬರಿ. ಯಾರದು ಅಂತ ಬರೀಬೇಡ."

ಹೋದ ವಾರ ಪುಟ್ಟಿಯನ್ನು ಎತ್ತಿಕೊಂಡು ಷೆಡ್ಡಿಗೆ ಹೋಗಿದ್ದೆ. ಅರ್ಧ ಷೆಡ್ಡಿನಲ್ಲಿ ಹೊಲಿಗೆ ಯಂತ್ರದ ಸದ್ದು, ಹೊಸ ರೆಕ್ಸಿನ್ನಿನ ವಾಸನೆ. ಇನ್ನರ್ಧದಲ್ಲಿ ಅದೇ ನಂಬರ್ ಪ್ಲೇಟುಗಳು, ಅದೇ ವ್ಯಾನಿನ ಸೀಟು. ಅದರ ಹರಿದ ಮೂಲೆಗೆ ಮಾತ್ರ ಹೊಸ ತೇಪೆ. ದೊಡ್ಡಪ್ಪನ ಕಿವಿಯ ಹಿಂದೆ ಸಣ್ಣ ಯಂತ್ರ. ಅದು ಬಂದ ಮೇಲೆ ತಮ್ಮ ಸುತ್ತಿಗೆಯ ಸದ್ದು ತಮಗೇ ಸಹಿಸಲಾಗುವುದಿಲ್ಲವಂತೆ.

"ಬಂದ್ಯಾ? ಮಗೂನ ಸೀಟಿನವನಿಗೆ ಕೊಡು. ಬಾ, ಕೂತ್ಕೋ" ಎಂದು ಎದುರಿಗಿದ್ದ ಕಾರಿನ ಬಾಗಿಲು ತೆರೆದರು. ತಾವು ಬಾನೆಟ್ಟಿನ ಮುಂದೆ ಹೋಗಿ ಕಣ್ಣು ಮುಚ್ಚಿ ನಿಂತರು. ಹೊಲಿಗೆ ಯಂತ್ರ ನಿಲ್ಲಿಸಲು ಕೈ ಮಾಡಿದರು.

ನಾನು ಒತ್ತಿದೆ. ಅವರು ತಲೆ ವಾಲಿಸಿದರು. ಇನ್ನೊಂದು ಸಲ ಒತ್ತು ಎಂದು ಬೆರಳು ತೋರಿಸಿದರು. ಒತ್ತಿದೆ. ಎಡದಿಂದ ನಾಲ್ಕನೆಯ ಡಬ್ಬಿಯ ಮೇಲೆ ಕೈಯಿಟ್ಟು ಕಣ್ಣು ಬಿಟ್ಟರು.

"ಕೇಳಿಸ್ತಾ?" ಎಂದೆ.

"ಕೇಳಿಸ್ತು. ಆದ್ರೆ ಮೊದಲೆಲ್ಲ ಇಷ್ಟು ತೆಳ್ಳಗಿರಲಿಲ್ಲ ಆ ಸದ್ದು." ಇನ್ನೂ ಏನೋ ಕೇಳುತ್ತಿರುವವರ ಹಾಗೆ ಸ್ವಲ್ಪ ಹೊತ್ತು ನಿಂತಿದ್ದು, "ಪರವಾಗಿಲ್ಲ, ಗುರುತು ಹತ್ತುತ್ತೆ" ಎಂದರು. "ಚೀಟಿ ತಗೋ."